ಸೌಮ್ಯ ನಾಯಕ, ಊರ ಬೆಂಬಲ ಮತ್ತು ರಾಷ್ಟ್ರಪತಿ ಪದವಿ



ಅಮೆರಿಕದ ರಾಜಕೀಯ ಸುದ್ದಿಗಳನ್ನು ಓದುವಾಗ ಒಂದು ಬಗೆಯ ವರ್ತಮಾನ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಅಲ್ಲಿ ಒಬ್ಬ ಸೆನೆಟರ್ ಇರುತ್ತಾರೆ. ಅತ್ತ ಬಲಕ್ಕೂ ಇತ್ತ ಎಡಕ್ಕೂ ಅತಿಯಾಗಿ ವಾಲದ, ಎದುರಾಳಿಯ ಮಾತನ್ನೂ ಕೇಳಿಸಿಕೊಳ್ಳುವ ಮಧ್ಯಮ ಮಾರ್ಗದ ಮನುಷ್ಯ. ಅಧ್ಯಕ್ಷ ಪದವಿಗೆ ನಿಲ್ಲುತ್ತೇನೆಂದು ಅವರು ಇನ್ನೂ ಬಾಯಿ ಬಿಟ್ಟು ಹೇಳಿರುವುದಿಲ್ಲ. ಅಷ್ಟರಲ್ಲೇ ಊರೂರುಗಳಲ್ಲಿ ನಾಲ್ಕು ನಾಲ್ಕು ಜನ ಕೂಡಿ, ಚಂದಾ ಎತ್ತಿ, ಸಹಿ ಕೂಡಿಸಿ, "ನೀವು ನಿಲ್ಲಲೇಬೇಕು" ಎಂದು ಒತ್ತಾಯ ಹೇರತೊಡಗುತ್ತಾರೆ. ಬೆಂಬಲ ಕೆಳಗಿನಿಂದ ಮೇಲಕ್ಕೆ ಏರುತ್ತದೆ.

ಇದನ್ನು ಓದಿದ ನಿಪ್ಪಾಣಿಯ ಅಥವಾ ಅಥಣಿಯ ಒಬ್ಬ ವಿದ್ಯಾರ್ಥಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಸೀಮೆಯಲ್ಲಿಯೂ ಅಂಥ ಒಬ್ಬ ಸೌಮ್ಯ, ಪ್ರಾಮಾಣಿಕ ನಾಯಕರಿದ್ದಾರೆ ಎನ್ನೋಣ. ಅವರೇ ಮುಂದಿನ ರಾಷ್ಟ್ರಪತಿಯಾಗಬೇಕೆಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜನರೆಲ್ಲ ಒಂದೇ ದನಿಯಲ್ಲಿ ಹೇಳುತ್ತಾರೆ. ಕಬ್ಬಿನ ಗದ್ದೆಯಲ್ಲಿ ನಿಂತವರು, ತಂಬಾಕಿನ ವಖಾರದಲ್ಲಿ ಕೂತವರು, ಕಾಲೇಜಿನ ಹುಡುಗ ಹುಡುಗಿಯರು, ಎಲ್ಲರೂ. ಆಗ ಆ ದನಿ ದೆಹಲಿಯ ರಾಯ್‌ಸಿನಾ ಗುಡ್ಡದ ತನಕ ಹೋಗಿ ಮುಟ್ಟುವ ದಾರಿ ಯಾವುದು? ಅಸಲಿಗೆ ಅಂಥದೊಂದು ದಾರಿ ಇದೆಯೇ? ಈ ಹೊತ್ತು ನಾವು ಅದನ್ನೇ ವಿಚಾರಿಸೋಣ.

ಮೊದಲು ಅಮೆರಿಕದ ಉದಾಹರಣೆಯೊಂದನ್ನು ನೋಡೋಣ. ಅದರಲ್ಲಿ ನಿಮ್ಮ ವಯಸ್ಸಿನವರದೇ ಮುಖ್ಯ ಪಾತ್ರ. 1967ರ ನವೆಂಬರ್ 30ರಂದು ಮಿನೆಸೋಟ ರಾಜ್ಯದ ಸೆನೆಟರ್ ಯೂಜೀನ್ ಮೆಕಾರ್ಥಿ ತಮ್ಮದೇ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ವಿರುದ್ಧ ಉಮೇದುವಾರಿಕೆ ಸಾರಿದರು. ವಿಯೆಟ್ನಾಂ ಯುದ್ಧ ನಿಲ್ಲಬೇಕೆಂಬುದು ಅವರ ಪಟ್ಟು. ಒಂದು ಕಾಲಕ್ಕೆ ಕಾಲೇಜು ಮೇಷ್ಟ್ರಾಗಿದ್ದವರು, ಕವಿತೆ ಬರೆಯುತ್ತಿದ್ದವರು, ಮೆಲುಮಾತಿನವರು. ದೊಡ್ಡ ದೊಡ್ಡ ಮುಖಂಡರು ಯಾರೂ ಅವರ ಹಿಂದೆ ನಿಲ್ಲಲಿಲ್ಲ, ವಿದ್ಯಾರ್ಥಿಗಳು ನಿಂತರು. ಉದ್ದ ಕೂದಲು, ಗಡ್ಡ ಬಿಡುವುದು ಅಂದಿನ ತರುಣರ ಖಯಾಲಿ. ಹಳ್ಳಿಯ ಹಿರಿಯರು ಮುಖ ತಿರುಗಿಸಬಾರದೆಂದು ಆ ಹುಡುಗರು ಕೂದಲು ಕತ್ತರಿಸಿ, ಗಡ್ಡ ಬೋಳಿಸಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಚಳಿಯಲ್ಲಿ ಮನೆಮನೆಯ ಬಾಗಿಲು ಬಡಿದರು. 1968ರ ಮಾರ್ಚ್ 12ರಂದು ಅಲ್ಲಿ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆ ನಡೆಯಿತು. ಜಾನ್ಸನ್‌ಗೆ ಸುಮಾರು ಶೇಕಡಾ 49, ಮೆಕಾರ್ಥಿಗೆ ಸುಮಾರು ಶೇಕಡಾ 42. ಅಧಿಕಾರದಲ್ಲಿರುವ ಅಧ್ಯಕ್ಷನಿಗೆ ಇದು ಗೆಲುವಲ್ಲ, ಪೆಟ್ಟು. ಅದೇ ತಿಂಗಳ 31ರಂದು ಜಾನ್ಸನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಘೋಷಿಸಿದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಗಸ್ಟ್ ತಿಂಗಳಲ್ಲಿ ಶಿಕಾಗೋ ನಗರದಲ್ಲಿ ನಡೆದ ಪಕ್ಷದ ಮಹಾಧಿವೇಶನ ಆರಿಸಿದ್ದು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರನ್ನು. ಹಂಫ್ರಿ ಒಂದೂ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸಿರಲಿಲ್ಲ. ಊರೂರು ತಿರುಗಿದ ಹುಡುಗರ ಬೆಂಬಲ ಒಂದು ಕಡೆ, ಸಭೆಯಲ್ಲಿ ಕೈ ಎತ್ತುವ ಪ್ರತಿನಿಧಿಗಳ ಹಕ್ಕು ಇನ್ನೊಂದು ಕಡೆ. ಗೆದ್ದದ್ದು ಎರಡನೆಯದು. ಇದರಿಂದ ಎದ್ದ ಅಸಮಾಧಾನದ ಫಲವಾಗಿಯೇ ಮುಂದೆ ಆ ಪಕ್ಷ ತನ್ನ ನಿಯಮಗಳನ್ನು ತಿದ್ದಿಕೊಂಡಿತು, ಪ್ರಾಥಮಿಕ ಚುನಾವಣೆಗಳಿಗೆ ಇಂದಿನ ಮಹತ್ವ ಬಂತು. ಜನರ ಒಲವಿಗೂ ಮತಪತ್ರ ಕೈಯಲ್ಲಿರುವವರ ತೀರ್ಮಾನಕ್ಕೂ ನಡುವೆ ಇರುವ ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ದೇಶಕ್ಕೆ ಬರೋಣ.

ನಮ್ಮಲ್ಲಿ ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಲೋಕಸಭೆ ಮತ್ತು ರಾಜ್ಯಸಭೆಯ ಚುನಾಯಿತ ಸದಸ್ಯರು, ರಾಜ್ಯ ವಿಧಾನಸಭೆಗಳ ಜೊತೆಗೆ ದೆಹಲಿ, ಪುದುಚೇರಿ ವಿಧಾನಸಭೆಗಳ ಚುನಾಯಿತ ಸದಸ್ಯರು ಸೇರಿ ಆರಿಸುತ್ತಾರೆ. ನಾಮಕರಣಗೊಂಡವರಿಗೆ ಮತವಿಲ್ಲ. ವಿಧಾನ ಪರಿಷತ್ತಿನವರಿಗೂ ಇಲ್ಲ. ಶಾಸಕರ ಮತಕ್ಕೆ ಒಂದು ಮೌಲ್ಯವಿದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಜನಸಂಖ್ಯೆ ಎಂದರೆ ಇಂದಿನದಲ್ಲ, 1971ರ ಜನಗಣತಿಯದು. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಅದನ್ನೇ ಹಿಡಿಯಬೇಕೆಂದು ಸಂವಿಧಾನದ ತಿದ್ದುಪಡಿ ಹೇಳುತ್ತದೆ. 1971ರಲ್ಲಿ ಅಂದಿನ ಮೈಸೂರು ರಾಜ್ಯದ ಜನಸಂಖ್ಯೆ 2,92,99,014. ಶಾಸಕರು 224. ಲೆಕ್ಕ ಮಾಡಿ ನೋಡಿ, ಒಬ್ಬ ಶಾಸಕರ ಮತದ ಮೌಲ್ಯ 131 ಬರುತ್ತದೆ.

ಈಗ ಇದನ್ನು ನಮ್ಮ ಐದು ತಾಲ್ಲೂಕುಗಳಿಗೆ ಹಚ್ಚೋಣ. ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ ಎಂದು ಇಲ್ಲಿ ಆರು ವಿಧಾನಸಭಾ ಕ್ಷೇತ್ರಗಳು. ಆರು ನೂರಾ ಮೂವತ್ತೊಂದು ಎಂದರೆ 786. ಇದಕ್ಕೆ ಚಿಕ್ಕೋಡಿಯ ಲೋಕಸಭಾ ಸದಸ್ಯರ ಮತ ಸೇರಿಸಬೇಕು. 2022ರ ಚುನಾವಣೆಯಲ್ಲಿ ಒಬ್ಬ ಸಂಸತ್ ಸದಸ್ಯರ ಮತದ ಮೌಲ್ಯ 700 ಇತ್ತು. ಒಟ್ಟು 1,486. ಆ ವರ್ಷ ದೇಶದ ಎಲ್ಲ ಮತಗಳ ಒಟ್ಟು ಮೌಲ್ಯ 10,86,431. ಅಂದರೆ ನಮ್ಮ ಐದು ತಾಲ್ಲೂಕುಗಳ ಅಷ್ಟೂ ಜನರ ಇಚ್ಛೆ ಏಳು ಜನರ ಕೈಯಿಂದ ಹಾದು, ಸುಮಾರು 731ರಲ್ಲಿ ಒಂದು ಪಾಲಾಗಿ ದೆಹಲಿಗೆ ಹೋಗುತ್ತದೆ.

ಗಡಿಯಲ್ಲಿ ಇರುವವರಿಗೆ ಇನ್ನೂ ಒಂದು ಸ್ವಾರಸ್ಯವಿದೆ. ನಿಪ್ಪಾಣಿ ದಾಟಿದರೆ ಕಾಗಲ, ಕಾಗವಾಡ ದಾಟಿದರೆ ಮಿರಜ, ಅಥಣಿಯ ಆಚೆ ಜತ್ತ. ಗಡಿಯ ಆ ಬದಿಯ ಶಾಸಕರ ಮತಕ್ಕೆ ಮೌಲ್ಯ 175, ಈ ಬದಿಯವರದಕ್ಕೆ 131. ಮಹಾರಾಷ್ಟ್ರದಲ್ಲಿ 1971ರ ಜನಸಂಖ್ಯೆ ಐದು ಕೋಟಿ ಮೀರಿತ್ತು, ಶಾಸಕರ ಸಂಖ್ಯೆ 288. ಸಂತೆಗೆ ಒಂದೇ ದಾರಿಯಲ್ಲಿ ಹೋಗುವ, ಮನೆಯಲ್ಲಿ ಕನ್ನಡ ಮರಾಠಿ ಎರಡನ್ನೂ ಆಡುವ ಜನರ ನಡುವೆ ಈ ವ್ಯತ್ಯಾಸ. ಇದರಲ್ಲಿ ಯಾರ ಪಕ್ಷಪಾತವೂ ಇಲ್ಲ. ಆ ಬದಿಯ ಒಬ್ಬ ಶಾಸಕ ಹೆಚ್ಚು ಜನರನ್ನು ಪ್ರತಿನಿಧಿಸುತ್ತಾನೆ ಎಂಬುದಷ್ಟೇ ಇದರ ಅರ್ಥ. ಉತ್ತರ ಪ್ರದೇಶದ ಶಾಸಕರ ಮತ 208, ಸಿಕ್ಕಿಮ್‌ನವರದು ಕೇವಲ 7.

ಹಾಗಾದರೆ ಸಂವಿಧಾನ ರಚಿಸಿದವರು ಜನರನ್ನು ನಂಬಲಿಲ್ಲವೇ ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ಸಂವಿಧಾನ ಸಭೆಯಲ್ಲಿಯೇ ಕೆ. ಟಿ. ಷಾ ಅವರು ಎತ್ತಿದ್ದರು. ರಾಷ್ಟ್ರದ ಮುಖ್ಯಸ್ಥನನ್ನು ವಯಸ್ಕರೆಲ್ಲ ಮತ ಹಾಕಿ ಆರಿಸಲಿ ಎಂಬುದು ಅವರ ವಾದ. ನೆಹರೂ ಮುಂತಾದವರು ಒಪ್ಪಲಿಲ್ಲ. ನಿಜವಾದ ಅಧಿಕಾರ ಇರುವುದು ಮಂತ್ರಿಮಂಡಲಕ್ಕೆ. ಕೋಟಿಗಟ್ಟಲೆ ಜನರ ನೇರ ಮತ ಪಡೆದು ಬಂದ ರಾಷ್ಟ್ರಪತಿ ಸುಮ್ಮನೆ ಸಲಹೆ ಕೇಳುತ್ತ ಕೂರುವನೇ? ಪ್ರಧಾನಿಗೂ ಅವನಿಗೂ ತಿಕ್ಕಾಟ ಶುರುವಾಗುತ್ತದೆ ಎಂಬುದು ಅವರ ಅಂಜಿಕೆ. ನನ್ನ ಮಟ್ಟಿಗೆ ಈ ಅಂಜಿಕೆ ಸಕಾರಣವಾದದ್ದೇ. ಇನ್ನೊಂದು ಮಾತು: 1952ರ ಮೊದಲ ರಾಷ್ಟ್ರಪತಿ ಚುನಾವಣೆಯಲ್ಲಿ ರಾಜೇಂದ್ರ ಪ್ರಸಾದರ ಎದುರು ಮುಖ್ಯ ಉಮೇದುವಾರರಾಗಿ ನಿಂತವರು ಇದೇ ಕೆ. ಟಿ. ಷಾ. ಜನರ ನೇರ ಮತ ಬೇಕೆಂದವರು ಶಾಸಕರ ಮತ ಕೇಳಿ ನಿಂತು 92,827 ಮೌಲ್ಯದ ಮತ ಪಡೆದರು. ರಾಜೇಂದ್ರ ಪ್ರಸಾದರಿಗೆ ಬಂದದ್ದು 5,07,400.

ಮತ ಹಾಕುವ ಹಕ್ಕಿಲ್ಲದಿದ್ದರೆ ಹೋಗಲಿ, ನಮ್ಮವರೊಬ್ಬರ ಹೆಸರನ್ನು ಸೂಚಿಸಬಹುದಲ್ಲ ಎಂದು ಕೇಳಬಹುದು. ಮೊದಲ ಕಾಲದಲ್ಲಿ ಇದು ಹೆಚ್ಚು ಕಡಿಮೆ ಸಾಧ್ಯವಿತ್ತು. ರೋಹ್ತಕ್‌ನ ಚೌಧರಿ ಹರಿರಾಮ್ ಎಂಬವರು 1952, 1957, 1962 ಹೀಗೆ ಮೂರು ಸಲ ನಿಂತು ಮೂರು ಸಲವೂ ಸೋತರು. 1967ರಲ್ಲಿ ಕಣದಲ್ಲಿದ್ದವರು 17 ಮಂದಿ. ಅವರಲ್ಲಿ ಒಂಬತ್ತು ಜನರಿಗೆ ಒಂದೇ ಒಂದು ಮತವೂ ಬೀಳಲಿಲ್ಲ. ಅದಕ್ಕಾಗಿ 1974ರಲ್ಲಿ ಕಾನೂನು ಬಿಗಿಯಾಯಿತು. ಹತ್ತು ಜನ ಮತದಾರರು ಸೂಚಕರು, ಹತ್ತು ಜನ ಅನುಮೋದಕರು, 2,500 ರೂಪಾಯಿ ಠೇವಣಿ. ಮತದಾರರೆಂದರೆ ಇಲ್ಲಿ ಸಂಸತ್ ಸದಸ್ಯರು ಮತ್ತು ಶಾಸಕರು, ನಾನು ನೀವಲ್ಲ. 1997ರಲ್ಲಿ ಅದು ಇನ್ನೂ ಬಿಗಿಯಾಗಿ ಸೂಚಕರು 50, ಅನುಮೋದಕರು 50, ಠೇವಣಿ 15,000 ರೂಪಾಯಿ ಆಯಿತು. ಒಬ್ಬರು ಒಂದೇ ಕಡೆ ಸಹಿ ಹಾಕಬಹುದು. ಬೆಳಗಾವಿ ಜಿಲ್ಲೆಯ ಹದಿನೆಂಟೂ ಶಾಸಕರು ಪಕ್ಷಭೇದ ಮರೆತು ನಮ್ಮ ನಾಯಕರ ಅರ್ಜಿಗೆ ಸಹಿ ಹಾಕಿದರು ಎನ್ನಿ. ಇನ್ನೂ 82 ಸಹಿ ಬೇಕು!

ಠೇವಣಿ ಏರಿಸುವ ಈ ಯೋಚನೆಗೆ ನಮ್ಮ ಜಿಲ್ಲೆಯ ಪಾಲೂ ಇದೆ ಎಂದರೆ ನಿಮಗೆ ಅಚ್ಚರಿಯಾದೀತು. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲೇ 456 ಉಮೇದುವಾರರು ಕಣದಲ್ಲಿದ್ದರು. ಗಡಿವಿವಾದದ ಕಡೆ ದೇಶದ ಗಮನ ಸೆಳೆಯಲು ಹೂಡಿದ ಪ್ರತಿಭಟನೆ ಅದು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ಆಗಲೇ ಸಾವಿರಕ್ಕೂ ಹೆಚ್ಚು ಮಂದಿ, ಆಂಧ್ರದ ನಲ್ಗೊಂಡದಲ್ಲಿ 480. ಮತಪತ್ರವೆನ್ನುವುದು ಪುಸ್ತಕದಷ್ಟು ದಪ್ಪ. ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿದ್ದು ಅದೇ ವರ್ಷ. ಜನರ ಆಕ್ರೋಶ ದಾರಿ ಹುಡುಕಿದಾಗ ಕಾನೂನು ಬಾಗಿಲನ್ನು ಇನ್ನಷ್ಟು ಕಿರಿದಾಗಿಸಿತು. ಇದು ಸರಿಯೇ ತಪ್ಪೇ ಎಂಬುದನ್ನು ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಬಿಡುತ್ತೇನೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕರ್ನಾಟಕದವರೊಬ್ಬರು ಇದುವರೆಗೆ ರಾಷ್ಟ್ರಪತಿಯಾಗಿ ಚುನಾಯಿತರಾಗಿಲ್ಲ. ಆದರೆ ಕನ್ನಡಿಗರೊಬ್ಬರು ಆ ಕುರ್ಚಿಯಲ್ಲಿ ಐದು ತಿಂಗಳ ಮೇಲೆ ಕೂತು ಕೆಲಸ ಮಾಡಿದ್ದಾರೆ. ಅವರು ಅಥಣಿಯ ನೆರೆಯ ಜಮಖಂಡಿ ತಾಲ್ಲೂಕಿನವರು. ಬಸಪ್ಪ ದಾನಪ್ಪ ಜತ್ತಿ, ಹುಟ್ಟಿದ್ದು 1912ರ ಸೆಪ್ಟೆಂಬರ್ 10, ಸಾವಳಗಿಯಲ್ಲಿ. ಆಗ ಜಮಖಂಡಿ ಒಂದು ಸಣ್ಣ ಸಂಸ್ಥಾನ. ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು, ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಜತ್ತಿಯವರು ಓದಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ, ಕಾನೂನು ಕಲಿತದ್ದೂ ಅದೇ ಊರಿನಲ್ಲಿ. ಜಮಖಂಡಿಯಿಂದ ರೈಲು ಹಿಡಿಯಬೇಕಾದರೆ ರಾಯಬಾಗ ತಾಲ್ಲೂಕಿನ ಕುಡಚಿಗೇ ಬರಬೇಕು. ನಿಮ್ಮಲ್ಲಿ ಹಲವರು ಇಂದಿಗೂ ಓದಲು ಕೊಲ್ಲಾಪುರ, ಸಾಂಗಲಿ, ಮಿರಜಗಳಿಗೆ ಹೋಗುತ್ತೀರಲ್ಲ, ಅದೇ ದಾರಿ.

ಅವರ ರಾಜಕೀಯ ಶುರುವಾದದ್ದು ಜಮಖಂಡಿಯ ಪುರಸಭೆಯಿಂದ. ಮೊದಲು ಸದಸ್ಯ, ಆಮೇಲೆ ಅಧ್ಯಕ್ಷ. ನಂತರ ಸಂಸ್ಥಾನದ ಮಂತ್ರಿ. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅಲ್ಲಿನ ಶಾಸನಸಭೆಗೆ ಹೋದರು. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ ಚಂದಗಡವೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಜತ್ತಿಯವರು ಬೆಂಗಳೂರಿನ ವಿಧಾನಸಭೆಗೆ ಬಂದರು. 1958ರಲ್ಲಿ ನಿಜಲಿಂಗಪ್ಪನವರ ನಂತರ ಮುಖ್ಯಮಂತ್ರಿಯಾದರು, 1962ರವರೆಗೆ ಇದ್ದರು.

ಮೆಲುಮಾತು, ಬಸವತತ್ತ್ವದಲ್ಲಿ ಶ್ರದ್ಧೆ, ಎಲ್ಲ ಬಣಗಳೊಡನೆ ಹೊಂದಿಕೊಂಡು ಹೋಗುವ ಗುಣ, ಇವು ಅವರ ಹೆಸರಿನೊಡನೆ ಅಂಟಿಕೊಂಡ ಮಾತುಗಳು. 1964ರಲ್ಲಿ ಬಸವ ಸಮಿತಿ ಕಟ್ಟಿದವರೂ ಅವರೇ. ಆದರೆ ಸೌಮ್ಯ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಎಂದು ನೀವು ತಿಳಿಯಬಾರದು. ಏಕೀಕರಣದ ನಂತರ ಗೇಣಿ ಕಾನೂನುಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಅದರ ವರದಿಯ ಆಧಾರದ ಮೇಲೆ 1961ರ ಭೂಸುಧಾರಣಾ ಶಾಸನ ಬಂತು. ಅದು ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಒಡೆಯರು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಮರಳಿ ಪಡೆಯಲು ಅದರಲ್ಲಿ ಅವಕಾಶಗಳಿದ್ದವು. ಗೇಣಿದಾರನಿಗೆ ಭೂಮಿ ಸಿಕ್ಕಬೇಕಾದರೆ 1974ರಲ್ಲಿ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯ ತನಕ ಕಾಯಬೇಕಾಯಿತು. ಎಲ್ಲರನ್ನೂ ಸಮಾಧಾನಪಡಿಸುವ ಸುಧಾರಣೆ ಕೆಲವೊಮ್ಮೆ ಬಡವನಿಗೆ ತಡವಾಗಿ ಮುಟ್ಟುತ್ತದೆ. ಮಧ್ಯಮ ಮಾರ್ಗದ ನಾಯಕರನ್ನು ಮೆಚ್ಚುವಾಗ ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒಡಿಶಾದ ರಾಜ್ಯಪಾಲ. 1974ರಲ್ಲಿ ಉಪರಾಷ್ಟ್ರಪತಿ ಚುನಾವಣೆ. ಎದುರಾಳಿ ನಿರಲ್ ಎನೆಮ್ ಹೋರೊ. ಜತ್ತಿಯವರಿಗೆ 521 ಮತ, ಹೋರೊ ಅವರಿಗೆ 141. ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿ. ಅಮೆರಿಕದಲ್ಲಿ ಉಪಾಧ್ಯಕ್ಷ ಸೆನೆಟ್ಟಿನ ಪೀಠದಲ್ಲಿ ಕೂರುವಂತೆ ಇಲ್ಲಿಯೂ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಆ ದಿನವೇ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಆ ಹೊತ್ತು ಸಾಮಾನ್ಯವಾದದ್ದಲ್ಲ. ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಮಾರ್ಚ್ ತಿಂಗಳಲ್ಲಿ ಲೋಕಸಭಾ ಚುನಾವಣೆ ನಡೆದು ಇಂದಿರಾ ಗಾಂಧಿಯವರ ಪಕ್ಷ ಸೋತಿತು. ಮಾರ್ಚ್ 21ರಂದು ಆಂತರಿಕ ತುರ್ತುಪರಿಸ್ಥಿತಿಯನ್ನು ಹಿಂದಕ್ಕೆ ಪಡೆಯಲಾಯಿತು. 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿ ಪ್ರಮಾಣ ಮಾಡಿದರು. ಸ್ವತಂತ್ರ ಭಾರತದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದ್ದು ಸಾವಳಗಿಯ ಈ ಹಳೆಯ ಕಾಂಗ್ರೆಸ್ಸಿಗ.

ಏಪ್ರಿಲ್ ತಿಂಗಳಲ್ಲಿ ಅವರ ಸೌಮ್ಯತೆಗೆ ನಿಜವಾದ ಪರೀಕ್ಷೆ ಬಂತು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರಕಾರ ತೀರ್ಮಾನಿಸಿತು. ಲೋಕಸಭೆಯಲ್ಲಿ ಸೋತವರಿಗೆ ರಾಜ್ಯ ಆಳುವ ನೈತಿಕ ಹಕ್ಕಿಲ್ಲ ಎಂಬುದು ಅದರ ವಾದ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಅರ್ಜಿಗಳು ವಜಾ ಆದವು. ಕಡತ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗುಸುಗುಸು ಎದ್ದಿತು. ಒಂದು ದಿನ ತಡೆದು, ಏಪ್ರಿಲ್ 30ರಂದು ಸಹಿ ಹಾಕಿದರು.

ಒಂದು ದಿನದ ಈ ತಡೆಯನ್ನು ಕೆಲವರು ಅಳುಕು ಎಂದರು, ಕೆಲವರು ಪಕ್ಷನಿಷ್ಠೆ ಎಂದರು. ಅದನ್ನು ಅಳೆಯುವ ಮುನ್ನ ಕಾನೂನನ್ನು ನೋಡಬೇಕು. 1976ರ 42ನೆಯ ತಿದ್ದುಪಡಿ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕೆಂದು ಖಂಡಿತವಾಗಿ ಬರೆದಿಟ್ಟಿತ್ತು. ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಕಳಿಸಬಹುದೆಂಬ ಅವಕಾಶ ಬಂದದ್ದು 1978ರ 44ನೆಯ ತಿದ್ದುಪಡಿಯಿಂದ. ಅಂದರೆ 1977ರ ಏಪ್ರಿಲ್‌ನಲ್ಲಿ ಆ ಕುರ್ಚಿಯಲ್ಲಿದ್ದವರಿಗೆ ಕಡತವನ್ನು ಹಿಂದಿರುಗಿಸಿ ಕೇಳುವ ಹಕ್ಕೂ ಇರಲಿಲ್ಲ. ಉಳಿದದ್ದು ಯೋಚಿಸುವ ಸಮಯ ಮಾತ್ರ, ಅದನ್ನು ಅವರು ಬಳಸಿಕೊಂಡರು. ನನಗೆ ಅದು ದೌರ್ಬಲ್ಯವಾಗಿ ಕಾಣುವುದಿಲ್ಲ. ಆದರೆ ಇದನ್ನು ಒಪ್ಪದವರೂ ಇದ್ದಾರೆ, ಅವರ ಮಾತಿಗೂ ಆಧಾರವಿದೆ: ಚುನಾಯಿತ ಸರಕಾರದ ಸಲಹೆ ಬಂದ ಮೇಲೆ ಹಂಗಾಮಿಯಾಗಿ ಕೂತವರು ಒಂದು ಗಳಿಗೆಯೂ ತಡೆಯಬಾರದು ಎನ್ನುತ್ತಾರೆ ಅವರು.

ಆ ಜುಲೈನಲ್ಲಿ ಪೂರ್ಣಾವಧಿಯ ರಾಷ್ಟ್ರಪತಿಯನ್ನು ಆರಿಸಬೇಕಿತ್ತು. ಕುರ್ಚಿಯಲ್ಲಿ ಕೂತಿದ್ದವರೇ ಸಹಜ ಉಮೇದುವಾರರಲ್ಲವೇ? ಹಿಂದೆ ರಾಧಾಕೃಷ್ಣನ್, ಜಾಕಿರ್ ಹುಸೇನ್, ಗಿರಿ, ಮೂವರು ಉಪರಾಷ್ಟ್ರಪತಿಗಳು ರಾಷ್ಟ್ರಪತಿಗಳಾಗಿದ್ದರು. ಜತ್ತಿಯವರ ಹಿಂದಿನ ಜಿ. ಎಸ್. ಪಾಠಕ್ ಮಾತ್ರ ಆಗಿರಲಿಲ್ಲ. (ಗಿರಿಯವರೂ ಪಾಠಕರೂ ಒಂದು ಕಾಲಕ್ಕೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬಹುದು.) ಆದರೆ ಮತಗಳ ಲೆಕ್ಕ ಬದಲಾಗಿತ್ತು. ಆಳುವ ಜನತಾ ಪಕ್ಷದ ಆಯ್ಕೆ ನೀಲಂ ಸಂಜೀವ ರೆಡ್ಡಿ, ಕಾಂಗ್ರೆಸ್ಸೂ ಒಪ್ಪಿತು. ಒಟ್ಟು 37 ನಾಮಪತ್ರಗಳು ಬಂದಿದ್ದವು. ಪರಿಶೀಲನೆಯಲ್ಲಿ 36 ತಿರಸ್ಕೃತವಾಗಿ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಜುಲೈ 25ರಂದು ಜತ್ತಿಯವರು ಉಪರಾಷ್ಟ್ರಪತಿಯ ಕೆಲಸಕ್ಕೆ ಮರಳಿದರು, 1979ರವರೆಗೆ ಅಲ್ಲಿಯೇ ಇದ್ದರು. 2002ರ ಜೂನ್ 7ರಂದು ನಿಧನರಾದರು.

ಕೃಷ್ಣೆಯ ಎರಡೂ ದಂಡೆಯ ಜನ ಎಷ್ಟೇ ಅಭಿಮಾನ ಪಟ್ಟರೂ ಆ ಅಭಿಮಾನವನ್ನು ಮತವನ್ನಾಗಿ ಬದಲಿಸುವ ಯಂತ್ರ ನಮ್ಮ ವ್ಯವಸ್ಥೆಯಲ್ಲಿ ಇರಲಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಸೌಮ್ಯ ನಾಯಕರಿಗೆ ವಿರೋಧಿಗಳು ಕಡಿಮೆ. ಅಷ್ಟೇ ಅಲ್ಲ, ಹಲಗೆ ಬಾರಿಸುತ್ತ ಮುಂದೆ ಹೋಗುವ ಹುರಿಯಾಳುಗಳೂ ಕಡಿಮೆ. ಅವರನ್ನು ಎಲ್ಲರೂ ಒಪ್ಪುತ್ತಾರೆ, ಅವರಿಗಾಗಿ ಜಗಳಕ್ಕೆ ನಿಲ್ಲುವವರು ಸಿಗುವುದಿಲ್ಲ. ಅಮೆರಿಕದ ಮಧ್ಯಮ ಮಾರ್ಗದ ಸೆನೆಟರುಗಳ ಪಾಡೂ ಇದೇ.

ಹಾಗೆಂದು ರಾಷ್ಟ್ರಪತಿ ಚುನಾವಣೆ ಪಕ್ಷದ ಹಿರಿಯರು ಹೇಳಿದಂತೆಯೇ ಯಾವಾಗಲೂ ನಡೆದಿದೆ ಎಂದುಕೊಳ್ಳಬೇಡಿ. 1969ರ ಮೇ 3ರಂದು ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕಾಂಗ್ರೆಸ್ ಅಧಿವೇಶನ ಕೂಡಿ, ಸಂಜೀವ ರೆಡ್ಡಿ ಪಕ್ಷದ ಉಮೇದುವಾರ ಎಂದು ತೀರ್ಮಾನವಾಯಿತು. ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಆದರೆ ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಸ್ವತಂತ್ರರಾಗಿ ನಿಂತ ವಿ. ವಿ. ಗಿರಿಯವರಿಗೆ ಮೊದಲ ಪ್ರಾಶಸ್ತ್ಯದಲ್ಲಿ 4,01,515, ರೆಡ್ಡಿಯವರಿಗೆ 3,13,548, ಸಿ. ಡಿ. ದೇಶಮುಖರಿಗೆ 1,12,769. ಯಾರಿಗೂ ಅರ್ಧಕ್ಕಿಂತ ಹೆಚ್ಚಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಹದಿನೈದು ಸಾವಿರಕ್ಕಿಂತ ಕಡಿಮೆ ಅಂತರ. ಮೇಲೆ ನಾವು ಹಾಕಿದ ಲೆಕ್ಕದಲ್ಲಿ ಅದು ಇಂದಿನ ನೂರಹನ್ನೆರಡು ಕರ್ನಾಟಕದ ಶಾಸಕರ ಮತಕ್ಕೆ ಸಮ. ಪಕ್ಷವೇ ಇಬ್ಭಾಗವಾಯಿತು.

ಇದು ಸಾಧ್ಯವಾದದ್ದು ಏಕೆಂದರೆ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ಮತ ಗುಪ್ತ. ಬೇರೆಯವರಿಗೆ ಮತ ಹಾಕಿದರೆಂದು ಶಾಸಕತ್ವ ಹೋಗುವುದಿಲ್ಲ. 2012ರಲ್ಲಿ ಕರ್ನಾಟಕದಲ್ಲಿ ಬಿಜೆಪಿ ಸರಕಾರವಿತ್ತು, ಆ ಪಕ್ಷ ಬೆಂಬಲಿಸಿದ್ದು ಪಿ. ಎ. ಸಂಗ್ಮಾ ಅವರನ್ನು. ಎಣಿಕೆಯಾದಾಗ ರಾಜ್ಯದ 117 ಶಾಸಕರ ಮತ ಪ್ರಣವ್ ಮುಖರ್ಜಿಯವರಿಗೆ, 103 ಸಂಗ್ಮಾ ಅವರಿಗೆ. ಅಡ್ಡ ಮತದಾನ ನಡೆದದ್ದು ಸ್ಪಷ್ಟ. ಯಾರು ಹಾಕಿದರೆಂಬುದು ಗುಪ್ತ.

ಜನರ ಬೆಂಬಲ ನಿಜವಾಗಿ ಎದ್ದು ನಿಂತ ಸಂದರ್ಭವೂ 2012ರದೇ. ಎ. ಪಿ. ಜೆ. ಅಬ್ದುಲ್ ಕಲಾಂ ಮತ್ತೊಮ್ಮೆ ರಾಷ್ಟ್ರಪತಿಯಾಗಲಿ ಎಂದು ಮುಖ್ಯವಾಗಿ ತರುಣರು ಅಂತರ್ಜಾಲದಲ್ಲಿ ದನಿ ಎತ್ತಿದರು. ಮಮತಾ ಬ್ಯಾನರ್ಜಿ, ಮುಲಾಯಂ ಸಿಂಗ್ ಯಾದವ್ ಅವರ ಹೆಸರು ಸೂಚಿಸಿದರು. ಕಲಾಂ ಅವರಷ್ಟು ವಿದ್ಯಾರ್ಥಿಗಳ ಪ್ರೀತಿ ಪಡೆದ ರಾಷ್ಟ್ರಪತಿ ಇನ್ನೊಬ್ಬರಿಲ್ಲ ಎಂದರೆ ತಪ್ಪಾಗಲಾರದು. ಆದರೆ ಮುಲಾಯಂ ಹಿಂದೆ ಸರಿದರು, ಮತಗಳು ಕೂಡಲಿಲ್ಲ. ಜೂನ್ 18ರಂದು ಕಲಾಂ ಜನರ ವಿಶ್ವಾಸಕ್ಕೆ ಕೃತಜ್ಞತೆ ಹೇಳಿ, ಸ್ಪರ್ಧಿಸುವುದಿಲ್ಲವೆಂದರು. ಅವರಿಗೆ ಒಲವಿನ ಕೊರತೆ ಇರಲಿಲ್ಲ, ಮೌಲ್ಯವುಳ್ಳ ಮತಗಳ ಕೊರತೆ ಇತ್ತು. ಆ ಚುನಾವಣೆಯಲ್ಲಿ 7,13,763 ಮೌಲ್ಯದ ಮತ ಪಡೆದು ಗೆದ್ದ ಪ್ರಣವ್ ಮುಖರ್ಜಿಯವರೇ ಅದೇ ಅಕ್ಟೋಬರ್ 11ರಂದು ಬೆಳಗಾವಿಗೆ ಬಂದು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು.

ಆದ್ದರಿಂದ ಊರವರ ಬೆಂಬಲಕ್ಕೆ ಇರುವ ದಾರಿ ಒಂದೇ, ಅದು ಸ್ಥಳೀಯ ಶಾಸಕರ ಮನೆಯ ಮುಂದೆ ಹಾಯುತ್ತದೆ. ಚಿಕ್ಕೋಡಿಯ ಉದಾಹರಣೆ ಕೊಡುತ್ತೇನೆ. ಬಿ. ಶಂಕರಾನಂದರು 1967ರಿಂದ 1996ರವರೆಗೆ ಸತತವಾಗಿ ಏಳು ಸಲ ಈ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದರು. ಆ ಅವಧಿಯಲ್ಲಿ ಬಂದ ರಾಷ್ಟ್ರಪತಿ ಚುನಾವಣೆಗಳು 1967, 1969, 1974, 1977, 1982, 1987, 1992. ಏಳು! 1977ರದು ಅವಿರೋಧ, ಅದನ್ನು ಬಿಟ್ಟರೂ ಆರು ಸಲ ಮತದಾನ. ಇಪ್ಪತ್ತೈದು ವರ್ಷ ಚಿಕ್ಕೋಡಿ ಕ್ಷೇತ್ರದ ಲಕ್ಷಾಂತರ ಜನರ ಪರವಾಗಿ ಸಂಸತ್ತಿನ ಆ ಮತಪತ್ರ ಒಬ್ಬರ ಕೈಯಲ್ಲೇ ಇತ್ತು. ಅಷ್ಟು ವರ್ಷಗಳಲ್ಲಿ, "ಸಾಹೇಬರೇ, ನೀವು ಯಾರಿಗೆ ಮತ ಹಾಕುತ್ತೀರಿ, ಯಾಕೆ?" ಎಂದು ಅವರನ್ನು ಕೇಳಿದವರು ಎಷ್ಟು ಮಂದಿ ಇದ್ದಾರು? ವಿಧಾನಸಭೆಯ ಚುನಾವಣೆಗೆ ನಿಂತವರನ್ನು ನಾವು ರಸ್ತೆ, ನೀರು, ಕಬ್ಬಿನ ಬಿಲ್ಲಿನ ಬಾಕಿ ಇವುಗಳ ಬಗ್ಗೆ ಕೇಳುತ್ತೇವೆ. ಕೇಳಲೇಬೇಕು. ರಾಷ್ಟ್ರಪತಿಯ ವಿಷಯ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಮುಂದಿನ ರಾಷ್ಟ್ರಪತಿ ಚುನಾವಣೆ 2027ರಲ್ಲಿ. ನಮ್ಮ ಶಾಸಕರು ಬೆಂಗಳೂರಿನ ವಿಧಾನಸೌಧದಲ್ಲಿ ಮತ ಹಾಕುತ್ತಾರೆ. ಅವರ ಮತಪತ್ರ ಗುಲಾಬಿ ಬಣ್ಣದ್ದು, ಸಂಸತ್ ಸದಸ್ಯರದು ಹಸಿರು. ಸಾಮಾನ್ಯ ಚುನಾವಣೆಯ ಹಾಗೆ ಗುಂಡಿ ಒತ್ತುವುದಿಲ್ಲ, ಮುದ್ರೆ ಹಚ್ಚುವುದಿಲ್ಲ. ಆಯೋಗವೇ ಕೊಡುವ ಲೇಖನಿಯಿಂದ ಹೆಸರುಗಳ ಮುಂದೆ 1, 2 ಎಂದು ಅಂಕಿ ಬರೆಯಬೇಕು. ಬೇರೆ ಪೆನ್ನಿನಿಂದ ಬರೆದರೆ ಮತ ತಿರಸ್ಕೃತ. ಮತದಾನ ಮುಗಿದ ಮೇಲೆ ಪೆಟ್ಟಿಗೆಯನ್ನು ಮೊಹರು ಮಾಡಿ ವಿಮಾನದಲ್ಲಿ ದೆಹಲಿಗೆ ಒಯ್ಯುತ್ತಾರೆ. 2022ರಲ್ಲಿ ಆ ಪೆಟ್ಟಿಗೆಗಳಿಗೆ ಪ್ರತ್ಯೇಕ ಟಿಕೆಟ್ಟು ಕೊಂಡಿದ್ದರು. ಟಿಕೆಟ್ಟಿನ ಮೇಲೆ ಪ್ರಯಾಣಿಕರ ಹೆಸರು "ಮಿಸ್ಟರ್ ಬ್ಯಾಲಟ್ ಬಾಕ್ಸ್". ಅಧಿಕಾರಿಯ ಪಕ್ಕದ ಮುಂದಿನ ಸಾಲಿನ ಸೀಟಿನಲ್ಲಿ ಅದು ಕೂತು ಹೋಯಿತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕುಡಚಿ, ಅಥಣಿ, ಕಾಗವಾಡದ ಶಾಸಕರ ಮತಗಳೂ ದೆಹಲಿಗೆ ಹೋದದ್ದು ಹಾಗೆಯೇ.